ಅಮೆರಿಕದಲ್ಲಿ ಕಾಯಂ ವಾಸ: ತಂದೆಯ ಆಸ್ತಿಗಿಂತ ಮಗನ ಆದಾಯವೇ ಮುಖ್ಯ

ಮೂರು ದಶಕಗಳ ಕಾಲ ವ್ಯಾಪಾರದಲ್ಲಿ ದುಡಿದು, ಸಾಲವಿಲ್ಲದ ಮನೆ ಮತ್ತು ಮಳಿಗೆಗಳನ್ನು ಹೊಂದಿರುವ ತಂದೆಗಾಗಿ ಅಮೆರಿಕದ ಪೌರನಾಗಿರುವ ಮಗ ಕಾಯಂ ವಾಸದ ಅರ್ಜಿ ಸಲ್ಲಿಸುತ್ತಾನೆ. ತಂದೆ ಇಲ್ಲಿನ ಆದಾಯ ತೆರಿಗೆ ರಿಟರ್ನುಗಳನ್ನೂ ನಿವ್ವಳ ಸಂಪತ್ತಿನ ಪ್ರಮಾಣಪತ್ರವನ್ನೂ ಸಿದ್ಧಪಡಿಸುತ್ತಾರೆ. ಆದರೆ ಅಮೆರಿಕದ ಅಧಿಕಾರಿಗಳು ಮೊದಲು ಪರಿಶೀಲಿಸುವುದು ಮಗನ ರಿಟರ್ನನ್ನು. ಈ ವ್ಯತ್ಯಾಸವನ್ನು ಅರಿಯದ ಕುಟುಂಬಗಳು ಕೊನೆಯ ಹಂತದಲ್ಲಿ ತೊಡಕಿಗೆ ಸಿಲುಕುವುದುಂಟು.

ಅಫಿಡವಿಟ್‌ನ ಸ್ವರೂಪ

ತಂದೆ ತಾಯಿಯರಿಗಾಗಿ ಅರ್ಜಿ ಸಲ್ಲಿಸುವ ಹಕ್ಕು 21 ವರ್ಷ ತುಂಬಿದ ಅಮೆರಿಕ ಪೌರರಿಗೆ ಮಾತ್ರ ಇದೆ. ಕೇವಲ ಗ್ರೀನ್ ಕಾರ್ಡ್ ಹೊಂದಿದವರಿಗೆ ಇಲ್ಲ. ಅರ್ಜಿದಾರರು ಐ-864 ನಮೂನೆಯಲ್ಲಿ ಪೋಷಣೆಯ ಅಫಿಡವಿಟ್ ಸಲ್ಲಿಸತಕ್ಕದ್ದು. ಬರುವವರು ಸರ್ಕಾರದ ನೆರವಿಗೆ ಕೈಯೊಡ್ಡದಂತೆ ಪೋಷಿಸುವ ಹೊಣೆ ತನ್ನದೆಂಬ ಮುಚ್ಚಳಿಕೆ ಇದು. ಹಿಂದೆ ಇಂತಹ ಪತ್ರಗಳನ್ನು ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ನೈತಿಕ ಹೊಣೆಯೆಂದಷ್ಟೇ ಪರಿಗಣಿಸಿದ್ದವು. 1996ರ ಶಾಸನದ ಅನ್ವಯ 1997ರ ಡಿಸೆಂಬರ್ 19ರಿಂದ ಬಳಕೆಗೆ ಬಂದ ಈ ನಮೂನೆಯು ಕಾನೂನಿನಂತೆ ಬದ್ಧಗೊಳಿಸುವ ಕರಾರಾಗಿದೆ.

ಆದಾಯದ ಲೆಕ್ಕ

ಅಮೆರಿಕದ ಕೇಂದ್ರ ಸರ್ಕಾರವು ಪ್ರತಿ ವರ್ಷ ಪ್ರಕಟಿಸುವ ಬಡತನದ ಮಾನದಂಡದ ಶೇ. 125ರಷ್ಟು ಆದಾಯ ಅರ್ಜಿದಾರನಿಗೆ ಇರಬೇಕು. ಮೊತ್ತವು ಕುಟುಂಬದ ಗಾತ್ರವನ್ನು ಅವಲಂಬಿಸುತ್ತದೆ. ಅರ್ಜಿದಾರ, ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು, ಇತರ ಅವಲಂಬಿತರು, ಬರಲಿರುವವರು ಹಾಗೂ ಹಿಂದೆ ಇದೇ ರೀತಿ ಹೊಣೆ ಹೊತ್ತವರು ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ತಂದೆಗೂ ತಾಯಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಅಫಿಡವಿಟ್ ಅಗತ್ಯ. ಪತ್ನಿ ಮತ್ತು ಒಂದು ಮಗುವುಳ್ಳ ಮಗ ಇಬ್ಬರನ್ನೂ ಕರೆಸಿಕೊಳ್ಳುವುದಾದರೆ ಐವರ ಲೆಕ್ಕ ಹಾಕಿಕೊಳ್ಳುವುದೇ ಸುರಕ್ಷಿತ. 2025ರ ಮಾನದಂಡದಂತೆ ಐವರಿಗೆ 37,650 ಡಾಲರ್, ಅದರ ಶೇ. 125 ಎಂದರೆ ಸುಮಾರು 47,062 ಡಾಲರ್. ಅಲಾಸ್ಕಾ ಮತ್ತು ಹವಾಯಿಗಳಲ್ಲಿ ಈ ಮೊತ್ತ ಇನ್ನೂ ಹೆಚ್ಚು.

ಸಂಬಳದಾರರಿಗೆ ಇದು ಸಾಮಾನ್ಯವಾಗಿ ಕಷ್ಟವಲ್ಲ. ಸ್ವಂತ ಉದ್ಯಮ ನಡೆಸುವವರ ಸ್ಥಿತಿ ಬೇರೆ. ಅಂಗಡಿಯ ವಹಿವಾಟು ಎಷ್ಟೇ ದೊಡ್ಡದಿರಲಿ, ಪರಿಗಣನೆಗೆ ಬರುವುದು ಖರ್ಚು ಕಳೆದು ರಿಟರ್ನಿನಲ್ಲಿ ತೋರಿಸಿದ ನಿವ್ವಳ ಲಾಭ ಮಾತ್ರ. ಎಲ್ಲ ಖರ್ಚು, ಸವಕಳಿಗಳನ್ನೂ ಕಳೆದು ತೆರಿಗೆ ಉಳಿಸಿದ ಲೆಕ್ಕವೇ ಇಲ್ಲಿ ಆದಾಯದ ಕೊರತೆಯಾಗಿ ಎದುರು ನಿಲ್ಲುತ್ತದೆ.

ಕೊರತೆ ತುಂಬುವ ಮಾರ್ಗಗಳು

ಮೊದಲನೆಯದು, ಜೊತೆಗೆ ವಾಸಿಸುವ ಪತ್ನಿಯ ಅಥವಾ ಬಂಧುವಿನ ಆದಾಯವನ್ನು ಐ-864ಎ ನಮೂನೆಯ ಮೂಲಕ ಸೇರಿಸುವುದು. ಸಹಿ ಮಾಡಿದವರೂ ಹೊಣೆಗಾರರಾಗುತ್ತಾರೆ.

ಎರಡನೆಯದು ಆಸ್ತಿ. ತಂದೆ ತಾಯಿಯರ ಪ್ರಕರಣದಲ್ಲಿ ಕೊರತೆಯ ಐದು ಪಟ್ಟು ನಿವ್ವಳ ಆಸ್ತಿ ತೋರಿಸಬೇಕು. ಮಗನ ಆದಾಯ 39,062 ಡಾಲರ್ ಇದ್ದರೆ ಕೊರತೆ 8,000. ತೋರಿಸಬೇಕಾದ ಆಸ್ತಿ 40,000 ಡಾಲರ್.

ಮೂರನೆಯದು ಜಂಟಿ ಪ್ರಾಯೋಜಕರು. ಇವರು ಅಮೆರಿಕದಲ್ಲಿ ನೆಲೆಸಿರುವ ಪೌರರು ಅಥವಾ ಗ್ರೀನ್ ಕಾರ್ಡ್ ಹೊಂದಿದವರಾಗಿರಬೇಕು, ಬಂಧುಗಳೇ ಆಗಬೇಕೆಂದಿಲ್ಲ. ಆದರೆ ಮಗನ ಆದಾಯವನ್ನು ಕೂಡಿಸಿಕೊಳ್ಳದೆ, ತಮ್ಮ ಕುಟುಂಬದೊಡನೆ ಬರುವವರನ್ನೂ ಸೇರಿಸಿದ ಲೆಕ್ಕಕ್ಕೆ ತಕ್ಕ ಆದಾಯ ಅವರೊಬ್ಬರಿಗೇ ಇರಬೇಕು.

ಇಲ್ಲಿನ ಆಸ್ತಿಯ ಪಾತ್ರ

ಊರಿನಲ್ಲೇ ವಾಸಿಸುವ ತಂದೆಯ ಅಂಗಡಿ ಲಾಭ ಮಗನ ಆದಾಯಕ್ಕೆ ಸೇರುವುದಿಲ್ಲ. ಆದರೆ ತಂದೆಯ ಆಸ್ತಿ ಮೇಲಿನ ಎರಡನೆಯ ಮಾರ್ಗದಲ್ಲಿ ನೆರವಾಗಬಲ್ಲದು. ಅದು ಒಂದು ವರ್ಷದೊಳಗೆ ಹೆಚ್ಚಿನ ನಷ್ಟವಿಲ್ಲದೆ ನಗದಾಗುವಂತಿರಬೇಕು ಮತ್ತು ಆ ಹಣ ದೇಶದಿಂದ ಹೊರಕ್ಕೆ ಹೋಗುವಂತಿರಬೇಕು. ಪಾಲುಪಟ್ಟಿಯಾಗದ ಅವಿಭಕ್ತ ಕುಟುಂಬದ ಆಸ್ತಿ, ದಾವೆಯಲ್ಲಿರುವ ನಿವೇಶನ ಇವು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಬ್ಯಾಂಕ್ ಠೇವಣಿ, ಷೇರುಗಳು, ಋಣಮುಕ್ತ ಮನೆ ಇವು ಹೆಚ್ಚು ಉಪಯುಕ್ತ. ಮನೆಗೆ ಮಾಲೀಕತ್ವದ ದಾಖಲೆ, ಖಾತಾ, ಋಣಭಾರ ಪತ್ರ ಹಾಗೂ ಮೌಲ್ಯಮಾಪನ ವರದಿ ಸಿದ್ಧವಿರಲಿ. ಲೆಕ್ಕ ಪರಿಶೋಧಕರು 2019ರ ಫೆಬ್ರವರಿ 1ರಿಂದ ನೀಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ ಯುಡಿಐಎನ್ ಸಂಖ್ಯೆ ಕಡ್ಡಾಯ. ಭಾರತದ ನಿವಾಸಿಯಾಗಿರುವಾಗ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಬ್ಬ ವ್ಯಕ್ತಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಹಣ ಹೊರಹೋಗಬಲ್ಲದು ಎಂಬುದಕ್ಕೆ ಇದು ಆಧಾರವಾಗುತ್ತದೆ.

ಹೊಣೆಯ ಅವಧಿ

ಈ ಹೊಣೆ ವೀಸಾ ದೊರೆತೊಡನೆ ಮುಗಿಯುವುದಿಲ್ಲ. ಬಂದವರು ಅಮೆರಿಕದ ಪೌರರಾಗುವವರೆಗೆ, ಅವರ ಹೆಸರಿಗೆ 40 ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ, ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆಯುವವರೆಗೆ ಅಥವಾ ಸಹಿ ಮಾಡಿದವರು ಇಲ್ಲವೇ ಬಂದವರು ಮರಣ ಹೊಂದುವವರೆಗೆ ಅದು ಮುಂದುವರಿಯುತ್ತದೆ. ಅರುವತ್ತು ದಾಟಿದವರು ಅಲ್ಲಿ ಹತ್ತು ವರ್ಷ ದುಡಿಯುವುದು ಅಪರೂಪ. ಈ ಮಧ್ಯೆ ಅವರು ಆದಾಯ ಆಧಾರಿತ ಸರ್ಕಾರಿ ನೆರವು ಪಡೆದರೆ, ಆ ಮೊತ್ತವನ್ನು ಸಹಿ ಮಾಡಿದವರಿಂದ ವಸೂಲಿ ಮಾಡಲು ಅವಕಾಶವಿದೆ.

ಆದುದರಿಂದ ವಿದೇಶದಲ್ಲಿರುವ ಸೋದರಳಿಯನನ್ನೋ ಸ್ನೇಹಿತರ ಮಗನನ್ನೋ ಜಂಟಿ ಪ್ರಾಯೋಜಕನಾಗುವಂತೆ ಕೋರುವ ಮುನ್ನ, ಅದು ಕೇವಲ ಒಂದು ಸಹಿ ಅಲ್ಲವೆಂಬುದನ್ನು ನೆನಪಿಡಬೇಕು. ಪರರ ಸಾಲಕ್ಕೆ ಜಾಮೀನು ನಿಲ್ಲುವುದರ ಭಾರವನ್ನು ವರ್ತಕರಿಗೆ ಬೇರೆಯವರು ಹೇಳಬೇಕಾಗಿಲ್ಲ. ಇದೂ ಅಂತಹುದೇ ಜಾಮೀನು, ಆದರೆ ಮೊತ್ತವಾಗಲಿ ವಾಯಿದೆಯಾಗಲಿ ಮೊದಲೇ ಗೊತ್ತಿರದ ಜಾಮೀನು. ಅರ್ಜಿಗೆ ಎರಡು ವರ್ಷ ಮೊದಲೇ ಮಗ ತನ್ನ ರಿಟರ್ನನ್ನೂ ತಂದೆ ತನ್ನ ಆಸ್ತಿಪತ್ರಗಳನ್ನೂ ಕ್ರಮಪಡಿಸಿಕೊಂಡರೆ, ಇನ್ನೊಬ್ಬರ ಜಾಮೀನು ಬೇಡುವ ಪ್ರಸಂಗವೇ ತಪ್ಪಬಹುದು.