ವಿಜ್ಞಾನ ಮೇಳದ ಮೇಜಿನಿಂದ ಕಾರ್ಯಾಗಾರದ ಬಾಗಿಲಿಗೆ

ಶಾಲಾ ವಿಜ್ಞಾನ ವಸ್ತು ಪ್ರದರ್ಶನವೆಂದೊಡನೆ ಥರ್ಮಾಕೋಲಿನ ಜ್ವಾಲಾಮುಖಿ, ರಟ್ಟಿನ ಅಣೆಕಟ್ಟು, ಬಣ್ಣದ ಕಾಗದದ ಮಳೆಕೊಯ್ಲು ಮಾದರಿಗಳು ಕಣ್ಣ ಮುಂದೆ ಬರುತ್ತವೆ. ತೀರ್ಪುಗಾರರು ಅಂಕ ನೀಡಿ ತೆರಳುತ್ತಾರೆ, ಪ್ರಮಾಣಪತ್ರಗಳ ವಿತರಣೆಯಾಗುತ್ತದೆ, ಸಂಜೆಯ ಹೊತ್ತಿಗೆ ಮಾದರಿಗಳು ಶಾಲೆಯ ಬೀರುವಿನ ಮೇಲೆ ಸೇರುತ್ತವೆ. ಈ ಮೇಜುಗಳ ಮುಂದೆ ಪೋಷಕರು, ಶಿಕ್ಷಕರು ನಿಲ್ಲುತ್ತಾರೆ. ವರ್ತಕರು ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರು ನಿಲ್ಲುವುದು ವಿರಳ. ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಉದ್ಯಮಗಳ ದೃಷ್ಟಿಯಿಂದ ನೋಡಿದರೆ ಇದು ಕೈಬಿಟ್ಟುಹೋಗುತ್ತಿರುವ ಅವಕಾಶವೇ ಸರಿ.

ಮಕ್ಕಳ ಪ್ರಯೋಗಗಳಿಗೆ ಇಂದು ವ್ಯವಸ್ಥಿತವಾದ ವೇದಿಕೆಗಳಿವೆ. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸುವ ಪದ್ಧತಿ ಬೆಳೆದುಬಂದಿತು. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಈ ಚಟುವಟಿಕೆಯನ್ನು ನಮ್ಮ ರಾಜ್ಯದ ಹಳ್ಳಿಗಳ ಶಾಲೆಗಳವರೆಗೆ ಒಯ್ದಿತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್ ಅವಾರ್ಡ್–ಮಾನಕ್’ ಯೋಜನೆ ಇನ್ನೊಂದು. 6ನೇ ತರಗತಿಯಿಂದ ಮೇಲ್ಪಟ್ಟ ವಿದ್ಯಾರ್ಥಿಗಳ ಹೊಸ ಆಲೋಚನೆಗಳನ್ನು ಶಾಲೆಗಳ ಮೂಲಕ ಆಹ್ವಾನಿಸಿ, ಆಯ್ಕೆಯಾದವರ ಬ್ಯಾಂಕ್ ಖಾತೆಗೆ ಮಾದರಿ ತಯಾರಿಕೆಗಾಗಿ ತಲಾ 10,000 ರೂ. ಜಮಾ ಮಾಡುವುದು ಇದರ ಕ್ರಮ. ಹತ್ತು ಲಕ್ಷ ಆಲೋಚನೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಒಂದು ಲಕ್ಷವನ್ನು ಜಿಲ್ಲಾ ಮಟ್ಟಕ್ಕೂ, 10,000ವನ್ನು ರಾಜ್ಯ ಮಟ್ಟಕ್ಕೂ, 1,000ವನ್ನು ರಾಷ್ಟ್ರಮಟ್ಟಕ್ಕೂ ಆರಿಸಿ, ಕೊನೆಗೆ 60ನ್ನು ಪುರಸ್ಕರಿಸುವುದು ಯೋಜನೆಯ ಗುರಿ.

ಹಣ ದೊರೆತ ಮೇಲೂ ಗ್ರಾಮೀಣ ಮಕ್ಕಳಿಗೆ ಎರಡು ಕೊರತೆಗಳು ಉಳಿಯುತ್ತವೆ. ಪರಿಹಾರ ಹುಡುಕಬೇಕಾದ ನಿಜವಾದ ಸಮಸ್ಯೆಯ ಪರಿಚಯ ಒಂದು, ಕಬ್ಬಿಣ ಕತ್ತರಿಸಿ ಬೆಸುಗೆ ಹಾಕಿಕೊಡುವ ನುರಿತ ಕೈ ಇನ್ನೊಂದು. ಇವೆರಡೂ ವರ್ತಕರ ಮಂಡಿಯಲ್ಲಿ, ಸಣ್ಣ ಕೈಗಾರಿಕೆಯ ಶೆಡ್ಡಿನಲ್ಲಿ ಇವೆ.

ಅರಸೀಕೆರೆಯ ಕೊಬ್ಬರಿಯನ್ನೇ ತೆಗೆದುಕೊಳ್ಳಬಹುದು. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಮಟ್ಟೆ ಸುಲಿದು ಒಡೆಯಲಾಗುತ್ತದೆ. ಏಟು ಹೆಚ್ಚಾದರೆ ಉಂಡೆ ಸೀಳುತ್ತದೆ. ಸೀಳಿದ ಕೊಬ್ಬರಿಗೆ ಇಡೀ ಉಂಡೆಯ ಧಾರಣೆ ದೊರೆಯದು. ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಬಿಡಿಸುವುದು, ಅಟ್ಟದಲ್ಲಿರುವಾಗಲೇ ಕೊಳೆತ ಕಾಯಿಯನ್ನು ಗುರುತಿಸುವುದು—ಇವು ಮಾರುಕಟ್ಟೆಗೆ ಬರುವ ಪ್ರತಿಯೊಬ್ಬ ಬೆಳೆಗಾರನ ಪ್ರಶ್ನೆಗಳು. ಬೇಲೂರಿನ ಮಲೆನಾಡು ಸೆರಗಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಹೊರಬರುವ ಕೊಳೆನೀರಿನ ಸಮಸ್ಯೆಯಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ನೋಡಬರುವ ಪ್ರವಾಸಿಗರಿಗಾಗಿ ಬಳಪದ ಕಲ್ಲಿನ ಮೂರ್ತಿ ಕೆತ್ತುವವರಿಗೆ ಉಸಿರಿಗೆ ಸೇರುವ ಕಲ್ಲಿನ ಧೂಳು, ಸಾಗಣೆಯಲ್ಲಿ ಮುರಿಯುವ ಸೂಕ್ಷ್ಮ ಕೆತ್ತನೆ ಎರಡೂ ತೊಂದರೆಯೇ. ಇಂಥ ಪ್ರಶ್ನೆಗಳು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ವ್ಯಾಪಾರಿಯೇ ಹೇಳದ ಹೊರತು ಮಗುವಿಗೆ ತಿಳಿಯುವ ದಾರಿಯೂ ಕಡಿಮೆ.

ನೆರೆಯ ಕೇರಳದ ಒಂದು ನಿದರ್ಶನ ಇಲ್ಲಿ ಸ್ಮರಣೀಯ. ಮಲಪ್ಪುರಂ ಜಿಲ್ಲೆಯ ಶಾಲಾ ವಿದ್ಯಾರ್ಥಿನಿ ರೆಮ್ಯಾ ಜೋಸ್, ಮನೆಯ ಬಟ್ಟೆ ಒಗೆಯುವ ಶ್ರಮ ತಗ್ಗಿಸಲು ಸೈಕಲ್ಲಿನ ಬಿಡಿಭಾಗಗಳನ್ನು ಬಳಸಿ ಪೆಡಲ್ ತುಳಿದು ನಡೆಸುವ ಯಂತ್ರವೊಂದನ್ನು ಕಲ್ಪಿಸಿದರು. ವಿದ್ಯುತ್ತಿನ ಅಗತ್ಯವಿಲ್ಲದ ಈ ಯಂತ್ರಕ್ಕೆ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಮನ್ನಣೆ ದೊರೆಯಿತು. ಆಕೆ ಬರೆದ ನಕ್ಷೆಯನ್ನು ಯಂತ್ರವನ್ನಾಗಿಸಿದ್ದು ಹತ್ತಿರದ ವಾಹನ ದುರಸ್ತಿ ಅಂಗಡಿ ಎಂಬುದು ಉದ್ಯಮಿಗಳು ಗಮನಿಸಬೇಕಾದ ಅಂಶ. ಆ ಅಂಗಡಿಯವರು ‘ಮಕ್ಕಳಾಟ’ವೆಂದು ನಕ್ಕು ಕಳುಹಿಸಿದ್ದರೆ ನಕ್ಷೆ ನೋಟುಪುಸ್ತಕದಲ್ಲಿಯೇ ಉಳಿಯುತ್ತಿತ್ತು.

ಪ್ರದರ್ಶನಕ್ಕೆ ಮುನ್ನ ಪೋಷಕರೂ ಶಿಕ್ಷಕರೂ ಅರಿತಿರಬೇಕಾದ ಕಾನೂನಿನ ವಿಷಯವೊಂದುಂಟು. 1970ರ ಪೇಟೆಂಟ್ ಕಾಯಿದೆಯಂತೆ ಆವಿಷ್ಕಾರವು ಹೊಸದಾಗಿರಬೇಕು. ಅರ್ಜಿ ಸಲ್ಲಿಸುವ ಮೊದಲೇ ಅದರ ಗುಟ್ಟನ್ನು ಸಾರ್ವಜನಿಕವಾಗಿ ತೋರಿಸಿದರೆ ಹಕ್ಕು ಕಳೆದುಕೊಳ್ಳುವ ಸಂಭವವಿದೆ. ಕಾಯಿದೆಯ 31ನೇ ಕಲಂ 12 ತಿಂಗಳ ರಿಯಾಯಿತಿ ನೀಡುತ್ತದೆಯಾದರೂ ಅದು ಕೇಂದ್ರ ಸರ್ಕಾರವು ರಾಜಪತ್ರದಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗಷ್ಟೇ ಅನ್ವಯ. ಸಾಮಾನ್ಯ ಶಾಲಾ ಮೇಳಕ್ಕೆ ಅದನ್ನು ನೆಚ್ಚುವಂತಿಲ್ಲ. ನಿಜಕ್ಕೂ ಹೊಸತೆನಿಸಿದ ಮಾದರಿಗೆ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಒದಗಿಸಲು ಅವಕಾಶವಿದೆ. ಪೇಟೆಂಟ್ ದೊರೆತಲ್ಲಿ ಅದರ ಅವಧಿ 20 ವರ್ಷ. ಮಗುವಿನ ಆಲೋಚನೆಯನ್ನು ಕಂಡು ಮೆಚ್ಚಿದ ಉದ್ಯಮಿಯೂ ಅದನ್ನು ತನ್ನದೆಂದು ಭಾವಿಸದೆ, ಪೋಷಕರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ನ್ಯಾಯವೂ ಹೌದು, ವ್ಯವಹಾರಕ್ಕೆ ಕ್ಷೇಮವೂ ಹೌದು.

ವರ್ತಕ ಸಮುದಾಯ ಮಾಡಬಹುದಾದ ಕೆಲಸಕ್ಕೆ ಭಾರೀ ಬಂಡವಾಳ ಬೇಕಿಲ್ಲ. ಶೈಕ್ಷಣಿಕ ವರ್ಷದ ಆರಂಭದಲ್ಲಿ ತಮ್ಮ ವಹಿವಾಟಿನ ಎರಡು–ಮೂರು ತೊಡಕುಗಳನ್ನು ಸರಳ ಕನ್ನಡದಲ್ಲಿ ಬರೆದು ಸಮೀಪದ ಪ್ರೌಢಶಾಲೆಗೆ ಕಳುಹಿಸಬಹುದು. ವಾರಕ್ಕೊಂದು ಮಧ್ಯಾಹ್ನ ಶಿಕ್ಷಕರೊಡನೆ ಬರುವ ಮಕ್ಕಳಿಗೆ ಕಾರ್ಯಾಗಾರವನ್ನು ತೋರಿಸಿ, ಯಂತ್ರದ ಕೆಲಸವನ್ನು ನುರಿತ ಕೆಲಸಗಾರರಿಂದಲೇ ಮಾಡಿಸಿಕೊಡಬಹುದು. ಅಪಾಯಕರ ಉಪಕರಣಗಳನ್ನು ಮಕ್ಕಳ ಕೈಗೆ ಕೊಡಬಾರದು. ಕಲಿಕೆಯ ಹೆಸರಿನಲ್ಲಿ ಅವರಿಂದ ದುಡಿಮೆ ಮಾಡಿಸಿಕೊಳ್ಳುವುದಂತೂ ಸಲ್ಲದು. ಪ್ರದರ್ಶನದ ದಿನ ತೀರ್ಪುಗಾರರ ಜೊತೆಯಲ್ಲಿ ಒಬ್ಬ ಕೊಬ್ಬರಿ ವರ್ತಕ, ಒಬ್ಬ ಕಾಫಿ ಬೆಳೆಗಾರ, ಒಬ್ಬ ಶಿಲ್ಪಿ ನಿಂತು ‘ಇದು ದಿನಕ್ಕೆ ಎಷ್ಟು ಕಾಯಿ ಒಡೆಯುತ್ತದೆ? ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ?’ ಎಂದು ಕೇಳಿದರೆ, ಮಗುವಿಗೆ ಆ ಪ್ರಶ್ನೆಯೇ ಬಹುಮಾನಕ್ಕಿಂತ ದೊಡ್ಡ ಪಾಠವಾದೀತು.

ಎಲ್ಲ ಮಾದರಿಗಳೂ ಯಂತ್ರಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಓದು ಮುಗಿಸಿದ ಯುವಕರು ಬೆಂಗಳೂರಿನ ರೈಲು ಹತ್ತುವ ಅರಸೀಕೆರೆ ಜಂಕ್ಷನ್ನಿನಲ್ಲಿ, ಊರಿನ ಉದ್ಯಮಕ್ಕೆ ತಮ್ಮ ಬುದ್ಧಿ ಬೇಕಾಗಿದೆ ಎಂದು ಹದಿಮೂರನೆಯ ವಯಸ್ಸಿನಲ್ಲಿಯೇ ಅರಿತ ಕೆಲವರಾದರೂ ಹಿಂದೆ ಉಳಿದರೆ, ಅದರ ಲಾಭ ಈ ಸೀಮೆಯ ಮಾರುಕಟ್ಟೆಗೇ ಸಲ್ಲುತ್ತದೆ. ಮುಂದಿನ ಮೇಳದಲ್ಲಿ ವರ್ತಕರು ಆ ಮೇಜುಗಳ ಮುಂದೆ ಹತ್ತು ನಿಮಿಷ ನಿಂತರೆ, ಆ ಕೆಲಸಕ್ಕೆ ನಾಂದಿಯಾದಂತೆ.