ಅಲ್ಪವಿರಾಮಗಳ ನಡುವಿನ ಖಾಲಿ ಜಾಗ

ಬಾಡ, ಹೊನ್ನಾವರ, ಭಟ್ಕಳದ ಕಡಲಿನಲ್ಲಿ ದಂಡೆ ಕಣ್ಮರೆಯಾದ ಮೇಲೆ ಬೋಟಿನ ತಾಂಡೇಲರಿಗೆ ದಾರಿ ತೋರುವುದು ಜಿಪಿಎಸ್. ಅಂಥದೊಂದು ಉಪಕರಣವನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಕಟ್ಟಬಹುದು. ಉಪಗ್ರಹಗಳ ಸಂಕೇತ ಹಿಡಿದು ಸ್ಥಾನವನ್ನು ಲೆಕ್ಕ ಹಾಕುವ ರಿಸೀವರ್ ಒಂದು ಬೇಕು, ಆ ಲೆಕ್ಕವನ್ನು ಓದಿ ಪರದೆಗೆ ಕೊಡುವ ಮೈಕ್ರೋಕಂಟ್ರೋಲರ್ ಇನ್ನೊಂದು. ಇವೆರಡರ ನಡುವೆ ಹರಿಯುವುದು ಬರಿಯ ಅಕ್ಷರಗಳ ಸಾಲು.

ಈ ಸಾಲುಗಳ ಕ್ರಮವನ್ನು ಎನ್‌ಎಂಇಎ 0183 ಎಂಬ ನೌಕಾ ಮಾನದಂಡ ಗೊತ್ತುಮಾಡಿದೆ. ಪ್ರತಿ ಸಾಲು ಡಾಲರ್ ಚಿಹ್ನೆಯಿಂದ ಶುರು. ಉದ್ದ ಹೆಚ್ಚೆಂದರೆ 82 ಅಕ್ಷರ. ‘ಆರ್‌ಎಂಸಿ’ ಎಂಬ ಸಾಲಿನಲ್ಲಿ ಸಮಯ, ಸ್ಥಿತಿ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ದಿನಾಂಕ ಇದೇ ಸರದಿಯಲ್ಲಿ ಬರುತ್ತವೆ, ನಡುನಡುವೆ ಅಲ್ಪವಿರಾಮ. ಇದನ್ನು ಬಿಡಿಸಲು ಸಿ ಭಾಷೆ ಕಲಿಯುವವರು ಮೊದಲು ಹಿಡಿಯುವುದು ‘ಸ್ಟ್ರ್‌ಟಾಕ್’ ಎಂಬ ಸಿದ್ಧ ಫಂಕ್ಷನ್ನನ್ನು.

ತೊಡಕು ಇರುವುದು ಅಲ್ಲೇ. ಎರಡು ಅಲ್ಪವಿರಾಮ ಒತ್ತಿಗೊತ್ತಿ ಬಂದರೆ ಸ್ಟ್ರ್‌ಟಾಕ್ ಅವೆರಡನ್ನೂ ಒಂದೇ ಎಂದು ಎಣಿಸುತ್ತದೆ. ಬಲೆ ಬಿಟ್ಟು ನಿಂತ ಬೋಟಿಗೆ ಚಲನೆಯ ದಿಕ್ಕಿಲ್ಲ. ಆಗ ಕೆಲವು ರಿಸೀವರ್‌ಗಳು ದಿಕ್ಕಿನ ಜಾಗವನ್ನು ಖಾಲಿ ಬಿಡುತ್ತವೆ. ಖಾಲಿ ಜಾಗ ಕಾಣದ ಪ್ರೋಗ್ರಾಮು ಮುಂದಿನ ದಿನಾಂಕವನ್ನೇ ದಿಕ್ಕೆಂದು ಓದುತ್ತದೆ. ಉಪಗ್ರಹ ಸಿಗದಿದ್ದಾಗಲಂತೂ ಹೆಚ್ಚಿನ ಜಾಗಗಳು ಖಾಲಿ, ಇಡೀ ಸಾಲೇ ಅಸ್ತವ್ಯಸ್ತ.

ಪರಿಹಾರ ಸುಲಭ. ಅಕ್ಷರ ಬಂದ ಹಾಗೆ ಒಂದೊಂದನ್ನೇ ನೋಡುವುದು, ಅಲ್ಪವಿರಾಮ ಕಂಡಾಗಲೆಲ್ಲ ಅಂಕಣದ ಎಣಿಕೆಯನ್ನು ಒಂದು ಏರಿಸುವುದು. ನಡುವೆ ಏನೂ ಇಲ್ಲದಿದ್ದರೂ ಎಣಿಕೆ ತಪ್ಪುವುದಿಲ್ಲ. ಆರ್ಡುಯಿನೊ ಊನೊ ಆರ್3 ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಚಿಪ್ಪಿನಲ್ಲಿರುವ 2 ಕೆಬಿ ರ‍್ಯಾಮ್ ಈ ಕೆಲಸಕ್ಕೆ ಧಾರಾಳ. ಸಾಲಿನ ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ನಂತರ ಬರುವ ಎರಡು ಅಕ್ಷರಗಳು ಚೆಕ್‌ಸಮ್. ಡಾಲರ್ ಮತ್ತು ನಕ್ಷತ್ರದ ನಡುವಿನ ಎಲ್ಲ ಅಕ್ಷರಗಳನ್ನು ‘ಎಕ್ಸ್‌ಆರ್’ ಮಾಡಿದರೆ ಅದೇ ಬೆಲೆ ಬರಬೇಕು. ಬಾರದಿದ್ದರೆ ತಂತಿಯಲ್ಲಿ ಅಕ್ಷರ ಕೆಟ್ಟಿದೆ ಎಂದರ್ಥ, ಆ ಸಾಲನ್ನು ಕೈಬಿಡಬೇಕು.

ಅಂಕಣ ಸರಿಯಾದರೂ ಅಂಕಿ ಮೋಸ ಮಾಡಬಲ್ಲದು. ಬಾಡದ ಎದುರಿನ ಕಡಲಿನಿಂದ ‘1427.0000’ ಎಂಬ ಅಕ್ಷಾಂಶ ಬಂತೆನ್ನಿ. ಅದು 14 ಡಿಗ್ರಿ 27 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿದರೆ 14.45 ಡಿಗ್ರಿ. ಅವಸರದಲ್ಲಿ ನೂರರಿಂದ ಭಾಗಿಸಿ 14.27 ಎಂದು ಬರೆದುಕೊಂಡರೆ ಬೋಟು ಪರದೆಯ ಮೇಲೆ ಸುಮಾರು 20 ಕಿ.ಮೀ. ತೆಂಕಕ್ಕೆ ಸರಿದು ಹೊನ್ನಾವರದ ನೇರಕ್ಕೆ ನಿಲ್ಲುತ್ತದೆ.

ಪ್ರೋಗ್ರಾಮು ಬರೆಯುವವರ ಹೊಣೆ ಇಲ್ಲಿ ದೊಡ್ಡದು. ಸ್ಥಿತಿಯ ಅಂಕಣದಲ್ಲಿ ‘ಎ’ ಇದ್ದರೆ ಮಾತ್ರ ಸ್ಥಾನ ನಂಬಬೇಕು. ‘ವಿ’ ಇದ್ದರೆ ‘ಸ್ಥಾನ ಸಿಕ್ಕಿಲ್ಲ’ ಎಂದು ಪರದೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಸ್ಥಾನ ಸಿಕ್ಕಿಲ್ಲವೆಂದು ತಿಳಿದ ತಾಂಡೇಲ ದಿಕ್ಸೂಚಿ ನೋಡಿ, ಆಳ ನೋಡಿ ಎಚ್ಚರದಿಂದ ಬೋಟು ನಡೆಸುತ್ತಾನೆ. ತಪ್ಪು ಸ್ಥಾನ ನಂಬಿದವನಿಗೆ ಆ ಎಚ್ಚರ ಮೂಡುವ ಅವಕಾಶವೇ ಇಲ್ಲ.