ಕಷ್ಟ ಬರುವ ಮುನ್ನವೇ ಮನಸ್ಸು ಗಟ್ಟಿಯಾಗಲಿ

ಲಕ್ಕವಳ್ಳಿ, ತರೀಕೆರೆ ಕಡೆಯ ಸೋದರಿಯರಿಗೆ ಭದ್ರಾ ಅಣೆಕಟ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 186 ಅಡಿಯ ಆ ಜಲಾಶಯ ಮಳೆಗಾಲದಲ್ಲಿ ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ನಾಲೆಗಳಲ್ಲಿ ಹರಿದು ದಾವಣಗೆರೆ ಕಡೆಯ ಗದ್ದೆಗಳವರೆಗೂ ಹೋಗುತ್ತದೆ. ಬೇಸಿಗೆ ಬಂದ ಮೇಲೆ ಕಟ್ಟೆ ಕಟ್ಟಲು ಹೊರಟರೆ ಏನು ಬಂತು? ಮನಸ್ಸಿನ ಸಂಗತಿಯೂ ಹಾಗೇ. ಯಜಮಾನರ ಕಾಯಿಲೆ, ಮಕ್ಕಳ ಅಗಲಿಕೆ, ಕೈ ಬರಿದಾಗುವ ದಿನ, ಇವೆಲ್ಲ ಹೇಳಿ ಕೇಳಿ ಬರುವುದಿಲ್ಲ. ಧೈರ್ಯವನ್ನು ಮೊದಲೇ ಕೂಡಿಡಬೇಕು.

ಕೂಡಿಡುವುದು ಹೇಗೆ? ಸಣ್ಣ ಕಷ್ಟವೊಂದನ್ನು ಬೇಕೆಂದೇ ಮೈಮೇಲೆ ಹಾಕಿಕೊಂಡು. ಕೆನಡಾದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಮೈಕೆನ್‌ಬಾಮ್ 1970ರ ದಶಕದಲ್ಲಿ ಇದನ್ನೇ ಒಂದು ತರಬೇತಿಯಾಗಿ ಬೆಳೆಸಿದರು. ಚುಚ್ಚುಮದ್ದಿನ ತತ್ವವೇ ಅದಕ್ಕೂ ಆಧಾರ: ತಡೆದುಕೊಳ್ಳುವಷ್ಟೇ ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿದರೆ ದೊಡ್ಡದಕ್ಕೆ ಮನಸ್ಸು ಸಿದ್ಧವಾಗುತ್ತದೆ. ನಮ್ಮ ಹಿರಿಯರ ಏಕಾದಶಿ, ಸೋಮವಾರದ ಒಪ್ಪೊತ್ತುಗಳಲ್ಲೂ ಈ ಗುಟ್ಟಿತ್ತು. 1965ರಲ್ಲಿ ಯುದ್ಧವೂ ಆಹಾರದ ಅಭಾವವೂ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಕೇಳಿಕೊಂಡರು. ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ಎಷ್ಟೋ ಮನೆಗಳಲ್ಲಿ ರಾತ್ರಿ ಒಲೆ ಹಚ್ಚಲಿಲ್ಲ.

“ಅಯ್ಯೋ, ನಮಗೆ ಕಷ್ಟಕ್ಕೇನು ಬರವೇ? ಇನ್ನೊಂದು ಬೇರೆ ಹುಡುಕಿಕೊಂಡು ಹೋಗಬೇಕೇನ್ರೀ?” ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ತಿನ್ನುವುದು, ಬೈಗುಳ ನುಂಗುವುದು, ಹೊಡೆತ ತಿಂದು ಸುಮ್ಮನಿರುವುದು ತಪಸ್ಸಲ್ಲ. ಅದನ್ನು ಯಾರೂ ‘ಗಟ್ಟಿತನ’ ಎಂದು ಹೊಗಳುವುದು ಬೇಡ. ಅಂಥ ಕಷ್ಟ ಮನಸ್ಸನ್ನು ಸವೆಸುತ್ತದೆ. ಬಲ ಕೊಡುವ ಕಷ್ಟಕ್ಕೆ ಮೂರು ಗುರುತುಂಟು: ಅದನ್ನು ನೀವೇ ಆರಿಸಿಕೊಂಡಿರಬೇಕು, ಅದಕ್ಕೊಂದು ಅಳತೆ ಇರಬೇಕು, ಬೇಡವೆನಿಸಿದಾಗ ನಿಲ್ಲಿಸುವ ಹಕ್ಕು ನಿಮ್ಮದಾಗಿರಬೇಕು.

ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೆನೆಯಿರಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತರು. ಗಾಂಧೀಜಿ ಬಂದರು. ಮಾಂಗಲ್ಯ, ಓಲೆ, ಮೂಗುಬೊಟ್ಟು ಉಳಿಸಿಕೊಂಡು ಮಿಕ್ಕ ಒಡವೆಗಳನ್ನೆಲ್ಲ ಗೌರಮ್ಮ ಹರಿಜನ ನಿಧಿಗೆ ಒಪ್ಪಿಸಿದರು. ನಾಲ್ಕು ಜನರೆದುರು ಹಟ ಹಿಡಿಯುವುದು, ಪ್ರೀತಿಯ ಒಡವೆ ಬಿಚ್ಚಿಕೊಡುವುದು, ಎರಡರಲ್ಲಿ ಯಾವುದು ಹಗುರ ಹೇಳಿ?

ಉಪವಾಸ ನಮಗೆ ರೂಢಿಯಾಗಿಬಿಟ್ಟಿದೆ. ರೂಢಿಯಾದದ್ದರಿಂದ ಹೊಸ ಬಲ ಬಾರದು. ಅಲ್ಲದೆ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. ಹೊಟ್ಟೆಗೆ ಕೊಡುವ ಶಿಕ್ಷೆಯ ಬದಲು ನೀವು ಇಷ್ಟು ದಿನ ತಪ್ಪಿಸಿಕೊಂಡು ಬಂದ ಕೆಲಸವೊಂದನ್ನು ಆರಿಸಿಕೊಳ್ಳಿ:

• ಬ್ಯಾಂಕಿಗೆ ಒಬ್ಬರೇ ಹೋಗಿ, ಚೀಟಿಯನ್ನು ನೀವೇ ತುಂಬಿ.

• ಸ್ತ್ರೀಶಕ್ತಿ ಸಂಘದಲ್ಲಿ ಎದ್ದು ನಿಂತು ಎರಡು ಮಾತಾಡಿ.

• ಒಲ್ಲದ ಬೇಡಿಕೆಗೆ ಒಮ್ಮೆ ಮೆಲ್ಲಗೆ “ಆಗೋಲ್ಲ” ಅನ್ನಿ.

• ಊಟವಾದ ಮೇಲೆ ಮೊಬೈಲು ಎತ್ತಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ.

ಒಂದೇ ಸಾಕು, ನಾಲ್ಕನ್ನೂ ಹಿಡಿಯಬೇಡಿ. ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ, ಎರಡನೆಯ ಸಲ ಕಡಿಮೆ, ನಾಲ್ಕನೆಯ ಸಲಕ್ಕೆ ಅದೇ ಅಭ್ಯಾಸ. ನಡುವೆ ತಪ್ಪಿದರೆ ಬೈದುಕೊಳ್ಳದೆ ಮರುದಿನ ಮತ್ತೆ ಹಿಡಿಯಿರಿ. ಮನೆಯವರಿಗೂ ವಿಷಯ ತಿಳಿಸಿ. ಅಡುಗೆಮನೆಯ ಅರ್ಧ ಗಂಟೆ ಅವರೂ ನೋಡಿಕೊಳ್ಳಲಿ.

ಮುಂದಿನ ಸಂಚಿಕೆ ನಿಮ್ಮ ಕೈ ಸೇರಲು ಹದಿನೈದು ದಿನವಿದೆ. ಅಷ್ಟರೊಳಗೆ ಆ ಬ್ಯಾಂಕಿನ ಚೀಟಿಯನ್ನಾದರೂ ನೀವೇ ತುಂಬಿ ಬನ್ನಿ.